ಇಂಗ್ಲೆಂಡಿನಲ್ಲಿ ಪಿತ್ತನಾಳದ ಕ್ಯಾನ್ಸರ್: ಜೀನ್ ಪರೀಕ್ಷೆಯನ್ನು ಮೊದಲೇ ಕೇಳಿ

ನಮ್ಮ ಸೋಮವಾರಪೇಟೆ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನಾಟಿ ಔಷಧ. ಲೆಸ್ಟರ್‌ನಲ್ಲಿರುವ ನನ್ನ ಅತ್ತಿಗೆ ಕೂಡ ಊರಿಗೆ ಫೋನ್ ಮಾಡಿ ಅದನ್ನೇ ಕೇಳಿದ್ದರು. ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ಪಿತ್ತನಾಳದಲ್ಲಿ ಕ್ಯಾನ್ಸರ್ ಆದರೂ ಕಣ್ಣು ಹಳದಿಯಾಗಬಹುದು. ದಯವಿಟ್ಟು ಹಾಗೆ ದಿನ ಕಳೆಯಬೇಡಿ. ವಯಸ್ಸು 40 ದಾಟಿ ಕಾಮಾಲೆ ಕಂಡರೆ, ಅಲ್ಲಿನ ಜಿಪಿ (ಕುಟುಂಬ ವೈದ್ಯರು) ಕ್ಯಾನ್ಸರ್ ಅನುಮಾನದ ಮೇಲೆ ತುರ್ತಾಗಿ ಆಸ್ಪತ್ರೆಗೆ ಕಳಿಸಬೇಕು.

ಬಯಾಪ್ಸಿ (ಗಡ್ಡೆಯ ತುಣುಕು ತೆಗೆಯುವುದು) ಆದ ದಿನವೇ ಒಂದು ಮಾತು ಕೇಳಿ: "ಈ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಿದ್ದೀರಾ?" ಆಪರೇಷನ್ ಮಾಡಲಾಗದ ಹಂತದಲ್ಲಿ ಮೊದಲು ಕೊಡುವುದು ಸಾಮಾನ್ಯವಾಗಿ ಕೀಮೋ. ಅದು ಕೆಲಸ ಮಾಡದಿದ್ದಾಗ, ಕ್ಯಾನ್ಸರ್‌ನ ಜೀನ್‌ಗೆ ತಕ್ಕ ಔಷಧಿ ಹುಡುಕಲು ಪರೀಕ್ಷೆ ಶುರು ಮಾಡಿದರೆ ವಾರಗಳು ಹೋಗುತ್ತವೆ. ಈ ಕಾಯಿಲೆಯಲ್ಲಿ ವಾರ ಅಂದರೆ ಜಾಸ್ತಿಯೇ.

ಯಾವ ಔಷಧಿ ಕೊಡಬಹುದು ಅಂತ ನೋಡುವ ನೈಸ್ ಎಂಬ ಸಂಸ್ಥೆ ಒಪ್ಪಿದ ಔಷಧಿಯನ್ನು ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೊಡುತ್ತದೆ. ಎಫ್‌ಜಿಎಫ್‌ಆರ್2 ಜೀನ್ ಬದಲಾಗಿದ್ದರೆ ಪೆಮಿಗ್ಯಾಟಿನಿಬ್, ಇದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಐಡಿಎಚ್1 ಜೀನ್ ಬದಲಾಗಿದ್ದರೆ ಐವೊಸಿಡೆನಿಬ್, ಇದಕ್ಕೆ 2024ರಲ್ಲಿ. ಎರಡೂ ಮಾತ್ರೆಗಳೇ. ಆದರೆ ಎಲ್ಲರಿಗೂ ಅಲ್ಲ. ಲಿವರ್ ಒಳಗಿನ ನಾಳದಲ್ಲಿ ಶುರುವಾದ ಕ್ಯಾನ್ಸರ್‌ನಲ್ಲಿ ಒಂದೊಂದು ಬದಲಾವಣೆಯೂ ನೂರಕ್ಕೆ ಸುಮಾರು 10ರಿಂದ 15 ಜನರಲ್ಲಿ ಸಿಗುತ್ತದೆ. ಇವು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಸ್ವಲ್ಪ ಕಾಲ ಹಿಡಿದು ನಿಲ್ಲಿಸಬಹುದು. ಆ ಸಮಯ ಎಷ್ಟು ದೊಡ್ಡದು ಅಂತ ನಮ್ಮ ಮನೆಯವರಿಗೆ ಗೊತ್ತು.

ವರ್ಕ್ ವೀಸಾದಲ್ಲಿದ್ದು ಹೆಲ್ತ್ ಸರ್‌ಚಾರ್ಜ್ (ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ) ಕಟ್ಟಿದವರಿಗೆ ಈ ಚಿಕಿತ್ಸೆಗೆ ಬೇರೆ ಬಿಲ್ ಇಲ್ಲ. ಕ್ಯಾನ್ಸರ್ ರೋಗಿಗಳಿಗೆ ಔಷಧಿ ಚೀಟಿಯ ಶುಲ್ಕವೂ ಇಲ್ಲ, ಜಿಪಿ ಹತ್ತಿರ ಎಫ್‌ಪಿ92ಎ ಫಾರ್ಮ್ ಕೇಳಿ ತುಂಬಿಸಿ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಕಥೆ ಬೇರೆ. ಎನ್‌ಎಚ್‌ಎಸ್ ದರದ 150 ಶೇಕಡಾ ಬಿಲ್ ಬರುತ್ತದೆ. ತುರ್ತು ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯುವುದಿಲ್ಲ, ಆದರೆ ಬಿಲ್ ಆಮೇಲೆ ಬಂದೇ ಬರುತ್ತದೆ.

ಪೆಮಿಗ್ಯಾಟಿನಿಬ್ ಅನ್ನು 14 ದಿನ ತಗೊಂಡು 7 ದಿನ ಬಿಡಬೇಕು. ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ. ಹಾಗಾಗಿ ಪಂದಿಕರಿ, ಹಾಲು, ಗೋಡಂಬಿ ಎಷ್ಟು ತಿನ್ನಬಹುದು ಅಂತ ಡಯಟೀಷಿಯನ್ ಹತ್ತಿರ ಕೇಳಿ, ಸುಮ್ನೆ ಎಲ್ಲ ಬಿಡಬೇಡಿ. ಗ್ರೇಪ್‌ಫ್ರೂಟ್ ಮಾತ್ರ ಬೇಡವೇ ಬೇಡ. ಅದರ ಹತ್ತಿರದ ನೆಂಟ ಚಕ್ಕೋತವನ್ನೂ ಮುಟ್ಟಬೇಡಿ, ಊರಿಂದ ಯಾರಾದರೂ ಪ್ರೀತಿಯಿಂದ ತಂದರೂ ಸರಿ. ಕಣ್ಣಿನ ಚೆಕಪ್ ತಪ್ಪಿಸಬೇಡಿ. ದೃಷ್ಟಿ ಮಂಜಾದರೆ ಅಥವಾ ಬೆಳಕಿನ ಮಿಂಚು ಕಂಡರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.