ಘಾಟಿಯಲ್ಲಿ ಎಂಜಿನ್ ಕಾದರೆ: ಯಾವ ದೀಪ ಮೊದಲು ಬಂತು?

ಮಂಗಳೂರಿನಿಂದ ಹೆಂಚು ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದೆವು. ಗುಂಡ್ಯ ದಾಟಿ ನಾಲ್ಕೈದು ತಿರುವು ಆಗಿತ್ತಷ್ಟೆ, ನಮ್ಮ ಟರ್ಬೊ ಡೀಸೆಲ್ ಪಿಕಪ್ಪಿನಲ್ಲಿ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಬೆನ್ನಿಗೇ ಎಂಜಿನ್ ಚಿತ್ರದ ಹಳದಿ ದೀಪ. ಆಕ್ಸಿಲರೇಟರ್ ತುಳಿದರೂ ಗಾಡಿ ಎಳೆಯುತ್ತಿಲ್ಲ. ಬದಿಗೆ ಹಾಕಿ ಸಕಲೇಶಪುರದ ಗ್ಯಾರೇಜ್ ಮೇಸ್ತ್ರಿಗೆ ಫೋನ್ ಮಾಡಿದೆ. ಆ ಜಾಗದಲ್ಲಿ ನೆಟ್‌ವರ್ಕ್ ಸಿಕ್ಕಿದ್ದೇ ಪುಣ್ಯ. ನೀರಿದೆಯಾ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಯಾವ ದೀಪ ಮೊದಲು ಬಂತು ಸಾರ್?"

ನಾನು ನೋಡಿರಲಿಲ್ಲ. ಡ್ರೈವರ್ ತಲೆ ಕೆರೆದುಕೊಂಡ. "ಬ್ಯಾಟ್ರಿ ದೀಪ ಮೊದ್ಲೇ ಬಂದಿತ್ತಣ್ಣ. ಸ್ಟೇರಿಂಗೂ ಗಟ್ಟಿ ಆಯ್ತು. ಲೋಡಿಗೆ ಹಂಗಾಗಿರ್ಬೇಕು ಅಂತ ಸುಮ್ನಾದೆ."

"ಬೆಲ್ಟ್ ಹೋಗಿದೆ, ಬಾನೆಟ್ ಎತ್ತಿ ನೋಡಿ" ಎಂದರು ಮೇಸ್ತ್ರಿ. ಎತ್ತಿದರೆ ಪುಲ್ಲಿಯ ಮೇಲೆ ಬೆಲ್ಟೇ ಇಲ್ಲ!

ನಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ನೀರಿನ ಪಂಪು, ಸ್ಟೀರಿಂಗ್ ಪಂಪು ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ತುಂಡಾದರೆ ಬ್ಯಾಟರಿ ದೀಪ ತಕ್ಷಣ ಬರುತ್ತದೆ. ನೀರು ಕಾಯಲು ಸ್ವಲ್ಪ ಹೊತ್ತು ಬೇಕು, ಹಾಗಾಗಿ ಬಿಸಿಯ ದೀಪ ಆಮೇಲೆ. ದೀಪಗಳ ಸರದಿಯಲ್ಲೇ ಅರ್ಧ ಉತ್ತರ ಇರುತ್ತದೆ. ಮುಂದಿನ ಸಲ ದೀಪ ಹತ್ತಿದಾಗ ಗಾಬರಿಯಾಗುವ ಮೊದಲು ಮೊಬೈಲಿನಲ್ಲಿ ಡ್ಯಾಶ್‌ಬೋರ್ಡಿನ ಒಂದು ಫೋಟೊ ಹೊಡೆದುಕೊಳ್ಳಿ. ಓಡಿಸುತ್ತಿರುವವರಲ್ಲ, ಪಕ್ಕದಲ್ಲಿ ಕೂತವರು!

ಮೊದಲ ಎರಡು ನಿಮಿಷ

ಎಣ್ಣೆಕ್ಯಾನಿನ ಚಿತ್ರದ ಕೆಂಪು ದೀಪ ಬಂದಿದ್ದರೆ ಯೋಚನೆ ಬೇಡ, ಬದಿಗೆ ತೆಗೆದ ಕೂಡಲೇ ಎಂಜಿನ್ ಆಫ್. ಆಯಿಲ್ ಒತ್ತಡ ಇಲ್ಲದೆ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಬೇರಿಂಗು ಬಾಳುವುದಿಲ್ಲ. ಅದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ವಸ್ತು. ಹಬೆ ಬರುತ್ತಿದ್ದರೆ, ನೀರು ಸುರಿಯುತ್ತಿದ್ದರೆ, ಬೆಲ್ಟು ಹೋದ ಲಕ್ಷಣ ಕಂಡರೆ ಕೂಡ ಆಫ್ ಮಾಡುವುದೇ ಸರಿ.

ಬರೀ ಬಿಸಿ ತೋರಿಸುವ ಮುಳ್ಳು ಮೇಲೇರಿದೆ, ಬೇರೇನೂ ಇಲ್ಲ ಎಂದಾದರೆ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ತಿರುಗಿಸಿ, ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ಓಡಲು ಬಿಡಿ. ಮುಳ್ಳು ಇಳಿಯದಿದ್ದರೆ ಆಫ್. ಮುಳ್ಳು ತಟ್ಟನೆ ತಣ್ಣನೆಯ ಕಡೆಗೆ ಬಿದ್ದರೆ ಮಾತ್ರ ಖುಷಿಪಡಬೇಡಿ. ನೀರು ಪೂರಾ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರಬಹುದು.

ಘಾಟಿಯಲ್ಲಿ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿ.

ಮುಚ್ಚಳ ಮುಟ್ಟಬೇಡಿ

ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನ ವಿಸಿಲ್ ಇದ್ದಂತೆ: ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟು, ಒಳಗಿನ ನೀರು 115-120 ಡಿಗ್ರಿಯವರೆಗೂ ಕುದಿಯದಂತೆ ನೋಡಿಕೊಳ್ಳುತ್ತದೆ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಆ ಒತ್ತಡ ಒಂದೇ ಸಲ ಬಿಟ್ಟು, ನೀರೆಲ್ಲ ಕುದಿದು ಮುಖಕ್ಕೇ ಬರುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಆಮೇಲೂ ದಪ್ಪ ಬಟ್ಟೆ ಸುತ್ತಿ ಮೇಲಿನ ಹೋಸ್ ಪೈಪನ್ನು ಹಿಚುಕಿ ನೋಡಿ. ಗಟ್ಟಿಯಿದ್ದರೆ ಇನ್ನೊಂದು ಚಹಾಕ್ಕೆ ಸಮಯವಿದೆ.

ಕಣ್ಣಿನಿಂದ ಶುರು

ಆ ಅರ್ಧ ಗಂಟೆಯಲ್ಲಿ ನೋಡುವುದು ಬೇಕಾದಷ್ಟಿದೆ. ಗಾಡಿಯಡಿ ಹಸಿರೋ ಗುಲಾಬಿಯೋ ಬಣ್ಣದ ಹನಿ ಬಿದ್ದಿದೆಯೇ, ಸಿಹಿ ವಾಸನೆ ಇದೆಯೇ? ಅದು ಕೂಲೆಂಟ್. ಹೋಸಿನ ಕ್ಲಿಪ್ಪುಗಳ ಸುತ್ತ, ನೀರಿನ ಪಂಪಿನ ಕೆಳಗಿರುವ ಸಣ್ಣ ತೂತಿನಲ್ಲಿ ಒಣಗಿದ ಬಣ್ಣದ ಗೆರೆ ಕಂಡರೆ ಸೋರಿಕೆ ಇಂದಿನದಲ್ಲ, ಹಳೆಯದು.

ಟರ್ಬೊ ಗಾಡಿಗಳಲ್ಲಿ ಬಹಳ ಜನ ಮರೆಯುವ ಜಾಗ ಒಂದಿದೆ. ಅನೇಕ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ, ಟರ್ಬೊ ತಳ್ಳುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂತಿರುತ್ತದೆ. ಎದುರಿನಿಂದ ನೋಡಿದರೆ ಅದು ಸ್ವಚ್ಛವಾಗಿಯೇ ಕಾಣುತ್ತದೆ. ಎರಡರ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ: ಹುಲ್ಲಿನ ಚೂರು, ಸತ್ತ ಹುಳ, ಕೆಂಪು ಧೂಳು ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಊರೊಳಗೆ ಓಡಾಡುವಾಗ ಸುಮ್ಮನಿದ್ದು, ಲೋಡ್ ಹಾಕಿ ಘಾಟಿ ಹತ್ತಿದ ದಿನವೇ ಕೈಕೊಡುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ವಾಟರ್‌ವಾಶ್‌ನವರು ಜೋರು ಪ್ರೆಶರಿನಲ್ಲಿ ಹೊಡೆದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ; ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಡಿಸಿ.

ಫ್ಯಾನ್ ಎರಡು ಥರ. ಬೆಲ್ಟಿನಿಂದ ತಿರುಗುವ ಫ್ಯಾನಿಗೆ ಅನೇಕ ಗಾಡಿಗಳಲ್ಲಿ ವಿಸ್ಕಸ್ ಕ್ಲಚ್, ಅಂದರೆ ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಭಾಗ, ಇರುತ್ತದೆ. ಎಂಜಿನ್ ಆಫ್ ಆಗಿ ಬಿಸಿಯಿರುವಾಗಲೇ ಕೈಯಲ್ಲಿ ತಿರುಗಿಸಿದರೆ ಅಂಟಂಟಾಗಿ ತಡೆಯಬೇಕು. ಬುಗುರಿಯಂತೆ ನಾಲ್ಕು ಸುತ್ತು ಸುತ್ತಿದರೆ ಕ್ಲಚ್ ಸತ್ತಿದೆ. ಕರೆಂಟ್ ಫ್ಯಾನ್ ಆದರೆ ಕೈ ಹಾಕಲೇಬೇಡಿ, ಕೀ ತೆಗೆದಿದ್ದರೂ ಕೆಲವು ಗಾಡಿಗಳಲ್ಲಿ ತಾನಾಗಿ ತಿರುಗುತ್ತದೆ.

ಮೇಲಿನ ಹೋಸ್ ಬಿಸಿ, ಕೆಳಗಿನದು ತಣ್ಣಗೆ

ಹೀಗಿದ್ದರೆ, ನೀರು ಕಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು, ಇಲ್ಲವೇ ಪಂಪು ನೀರು ತಳ್ಳುತ್ತಿಲ್ಲ. ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಬಿಚ್ಚಿ ತಂದು, ದಾರ ಕಟ್ಟಿ, ಹಳೇ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದೋ 88 ಎಂದೋ ಅಚ್ಚು ಇರುತ್ತದೆ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ನೀರು ಕೊತಕೊತ ಕುದಿದರೂ ಬಿಡದಿದ್ದರೆ ಬಿಸಾಕಿ ಹೊಸದು ಹಾಕಿಸಿ.

"ತೆಗೆದುಬಿಡೋಣ, ಬೇಕಾಗಿಲ್ಲ" ಎನ್ನುವ ಮೇಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಎಂಜಿನ್ ಸದಾ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಸೈಲೆನ್ಸರಿನ ಮಸಿ ಸುಡುವ ಕೆಲಸವೂ ಸರಿಯಾಗಿ ನಡೆಯದೆ ಇನ್ನೊಂದು ದೀಪ ಹತ್ತುತ್ತದೆ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಗ್ಯಾರೇಜಿನಲ್ಲಿ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0217 ಎಂಬ ದೋಷದ ಸಂಕೇತ ಬಂದರೆ ಎಂಜಿನ್ ಮಿತಿಮೀರಿ ಕಾದಿದೆ ಎಂದು ಕಂಪ್ಯೂಟರ್ ದಾಖಲಿಸಿದೆ ಎಂದರ್ಥ; ಏಕೆ ಕಾಯಿತೆಂದು ಅದು ಹೇಳುವುದಿಲ್ಲ. ಪಿ0117 ಅಥವಾ ಪಿ0118 ಬಂದರೆ ಸೆನ್ಸರ್ ಇಲ್ಲವೇ ಅದರ ವೈರಿನ ತಕರಾರು. ಮುಳ್ಳು ಅರ್ಧದಿಂದ ಕೆಂಪಿಗೆ ಕ್ಷಣದಲ್ಲಿ ಹಾರಿದ್ದರೆ ನನಗೆ ವೈರಿನ ಮೇಲೇ ಮೊದಲ ಅನುಮಾನ, ಏಕೆಂದರೆ ಅಷ್ಟು ನೀರು ಅಷ್ಟು ಬೇಗ ಕಾಯುವುದಿಲ್ಲ. ಹಾಗಂತ ನೀರು ನೋಡದೆ ಹೊರಡಬೇಡಿ.

ಪಿ0299 ಅಂದರೆ ಟರ್ಬೊ ಗಾಳಿ ಸಾಲುತ್ತಿಲ್ಲ. ಇಂಟರ್‌ಕೂಲರಿನ ರಬ್ಬರ್ ಪೈಪ್ ಸೀಳಿದ್ದರೆ ಬುಸ್ ಎನ್ನುವ ಸದ್ದು, ಕಪ್ಪು ಹೊಗೆ, ಎಳೆತ ಇಲ್ಲ. ಎಳೆಯುತ್ತಿಲ್ಲವೆಂದು ಇನ್ನಷ್ಟು ತುಳಿಯುತ್ತೇವೆ, ಎಂಜಿನ್ ಇನ್ನಷ್ಟು ಕಾಯುತ್ತದೆ. ಉಲ್ಟಾ ಕೂಡ ಆಗುತ್ತದೆ: ಎಂಜಿನ್ ಕಾದದ್ದು ಕಂಡು ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುತ್ತದೆ. ನಮಗೆ ಆಗಿದ್ದು ಅದೇ. ಟರ್ಬೊ ಬದಲಿಸಿ ಎನ್ನುವವರಿಗೆ ದುಡ್ಡು ಕೊಡುವ ಮೊದಲು, ಕಾದದ್ದು ಮೊದಲೋ ಶಕ್ತಿ ಇಳಿದದ್ದು ಮೊದಲೋ ಎಂದು ಕೇಳಿ.

ಅಮೆರಿಕದ ಕೆಲವು ಪಿಕಪ್‌ಗಳಲ್ಲಿ, ಉದಾಹರಣೆಗೆ 6.2 ಲೀಟರಿನ ರ‍್ಯಾಮ್ ಟಿಆರ್‌ಎಕ್ಸ್‌ನಲ್ಲಿ, ಇರುವುದು ಟರ್ಬೊ ಅಲ್ಲ, ಸೂಪರ್‌ಚಾರ್ಜರ್. ಟರ್ಬೊ ಹೊಗೆಯ ರಭಸದಿಂದ ತಿರುಗಿದರೆ ಅದು ಬೆಲ್ಟಿನಿಂದ ತಿರುಗುತ್ತದೆ. ಅದರ ಗಾಳಿ ತಣಿಸಲು ಬೇರೆಯೇ ನೀರಿನ ಸುತ್ತು, ಬೇರೆ ಪಂಪು. ಆ ಪಂಪು ನಿಂತರೆ ಶಕ್ತಿ ಇಳಿಯುತ್ತದೆ, ಎಂಜಿನ್ ಮುಳ್ಳು ಮಾತ್ರ ನೆಟ್ಟಗೇ ಇರಬಹುದು.

ಗ್ಯಾಸ್ಕೆಟ್ ಹೋಗಿದೆಯೇ?

ಎಲ್ಲರಿಗೂ ಇದೇ ಭಯ. ಎಂಜಿನ್ನಿನ ಹೆಡ್ಡು, ಬ್ಲಾಕು ಎರಡರ ನಡುವೆ ಕೂರುವ ಸೀಲ್ ಅದು. ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಬಲವಾದ ಅನುಮಾನ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಒಂದಿಷ್ಟು ಕೆನೆಯಿದ್ದರೆ ಹೆದರಬೇಡಿ. ಮಳೆಗಾಲದಲ್ಲಿ, ಸಣ್ಣ ಸಣ್ಣ ಓಡಾಟದ ಗಾಡಿಗಳಲ್ಲಿ ಅದು ಬರೀ ತೇವ.

ನಮ್ಮ ಮೇಸ್ತ್ರಿ ಹೊಸ ಬೆಲ್ಟನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಎಂಜಿನ್ ತಣಿದಿತ್ತು. ಬೆಲ್ಟು ಕೂರಿಸಿ, ಸ್ಟಾರ್ಟ್ ಮಾಡಿಸಿ, ಕ್ಯಾನಿನ ನೀರನ್ನು ಸಣ್ಣಗೆ ಹೊಯ್ದರು. "ಊರಿಗೆ ಹೋಗಿ ಇದನ್ನ ಖಾಲಿ ಮಾಡಿ ಕೂಲೆಂಟ್ ಹಾಕ್ಸಿ ಸಾರ್, ಬೋರ್ ನೀರು ಒಳಗೆ ಸುಣ್ಣ ಕಟ್ಟುತ್ತೆ" ಎಂದರು. ಹೊರಡುವಾಗ ಡ್ರೈವರಿಗೆ ಇನ್ನೊಂದು ಮಾತು: "ಗೇರ್ ಒಂದು ಇಳಿಸಿ ಹತ್ತಿಸು. ಮೇಲಿನ ಗೇರಲ್ಲಿ ಏದುಸಿರು ಬಿಡಿಸಿದ್ರೆ ಪಂಪೂ ನಿಧಾನ, ಫ್ಯಾನೂ ನಿಧಾನ."

ಘಾಟಿಯ ಮೇಲಿನ ದೋಣಿಗಾಲ್ ಬರುವವರೆಗೆ ಅವನು ರಸ್ತೆ ನೋಡಿದ, ನಾನು ಮುಳ್ಳು ನೋಡಿದೆ.