ದೊಡ್ಡಾಯಿಯ ಹಾಡಿನಲ್ಲಿ ಒಂದೂವರೆ ಮಾತ್ರೆ ಹೆಚ್ಚು

ಶಿರಸಿಯಲ್ಲಿ ಅಡಿಕೆ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವ ನಾನು. ಕಂಪ್ಯೂಟರ್ ಅಂದರೆ ನನಗೆ ಎಕ್ಸೆಲ್ಲು, ಪತ್ರ ಟೈಪಿಸುವುದು, ಪ್ರಿಂಟರ್ ಹಟ ಹಿಡಿದರೆ ಪಕ್ಕಕ್ಕೊಂದು ತಟ್ಟುವುದು. ಸಂಗೀತ ಅಂದರೆ ಊರ ಭಜನೆಗೆ ಹಾರ್ಮೋನಿಯಂ ನುಡಿಸುವುದು. ಇಂಥವನಿಗೆ ಲಿಲಿಪಾಂಡ್ ಅನ್ನುವ ಸ್ವರಲಿಪಿ ತಂತ್ರಾಂಶ ಗಂಟುಬಿದ್ದದ್ದು ಸೊಸೆಯ, ಅಂದರೆ ತಂಗಿಯ ಮಗಳ ದೆಸೆಯಿಂದ. ಅವಳು ಬೆಂಗಳೂರಿನಲ್ಲಿ ಕೀಬೋರ್ಡ್ ಕಲಿಯುತ್ತಾಳೆ. ಐದು ಗೆರೆಯ ಸ್ಟಾಫ್ ನೊಟೇಶನ್ ಸರಾಗ ಓದುತ್ತಾಳೆ, ಸರಿಗಮ ಬರೆದುಕೊಟ್ಟರೆ ನನ್ನ ಮುಖ ನೋಡುತ್ತಾಳೆ. ಬೇಸಿಗೆ ರಜೆಗೆ ಬಂದಾಗ ನಮ್ಮ ದೊಡ್ಡಾಯಿ ಆರತಿ ಹಾಡು ಹೇಳಿದ್ದನ್ನು ಕೇಳಿ, "ಮಾವಾ, ಇದ್ನ ಬರ್ದು ಕೊಡು" ಅಂದಳು.

ಮೊದಲು ಇಲಿ ಹಿಡಿದು ಸ್ವರ ಎಳೆದು ಕೂರಿಸುವ ತಂತ್ರಾಂಶ ನೋಡಿದೆ. ನನ್ನ ಹಳೆಯ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಒಂದು ಸ್ವರ ಕೂರಿಸುವಷ್ಟರಲ್ಲಿ ಇನ್ನೊಂದು ಜಾರುತ್ತಿತ್ತು. ಟೈಪಿಸಿ ಅಭ್ಯಾಸ ಇರುವವನಿಗೆ ಟೈಪಿಸುವುದೇ ಸಲೀಸು ಅಂತ ಲಿಲಿಪಾಂಡಿಗೆ ಬಂದೆ. ಅದರಲ್ಲಿ ಹಾಡನ್ನು ಅಕ್ಷರಗಳಲ್ಲಿ ಬರೆದುಕೊಟ್ಟರೆ ಅಚ್ಚು ಮಾಡಿದಂಥ ಪಿಡಿಎಫ್ ಬರುತ್ತದೆ. ಕೇಳಿದರೆ ಮಿಡಿ ಫೈಲನ್ನೂ ಕೊಡುತ್ತದೆ, ನುಡಿಸಿ ಕೇಳಬಹುದು. ಪುಕ್ಕಟೆ. ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ವೈರಸ್ ಬಂತೆಂದು ಹೆದರಿದೆ. ಅದರ ರೂಢಿಯೇ ಹಾಗೆ, ಬರೆಯುವ ಜಾಗ ಅದರೊಳಗಿಲ್ಲ. ಫ್ರೆಸ್ಕೊಬಾಲ್ಡಿ ಅನ್ನುವ ಇನ್ನೊಂದನ್ನು ಹಾಕಿಕೊಂಡ ಮೇಲೆ ದಾರಿ ಸಿಕ್ಕಿತು. ಎಡಗಡೆ ನಾವು ಟೈಪಿಸಿದ್ದು, ಬಲಗಡೆ ಗೆರೆ, ಸ್ವರ. ಕಂಟ್ರೋಲ್ ಎಮ್ ಒತ್ತಿದರೆ ಹೊಸ ಪುಟ. ಪುಟದಲ್ಲಿ ತಪ್ಪಿದ ಸ್ವರದ ಮೇಲೆ ಕ್ಲಿಕ್ ಮಾಡಿದರೆ ಎಡಗಡೆ ಅದೇ ಅಕ್ಷರದ ಹತ್ತಿರ ಕರ್ಸರ್ ಹೋಗಿ ನಿಲ್ಲುತ್ತದೆ. ನನಗೆ ಅತ್ಯಂತ ಉಪಕಾರವಾದದ್ದು ಇದೇ.

ಸ್ವರಕ್ಕೆ ಇಂಗ್ಲಿಷ್ ಅಕ್ಷರ. ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ರಿಷಭ ಡಿ, ಗಾಂಧಾರ ಇ. ಅಕ್ಷರ ಆದಮೇಲೆ ನಾಲ್ಕು ಬರೆದರೆ ಒಂದು ಕಾಲ, ಎಂಟು ಬರೆದರೆ ಅದರರ್ಧ, ಚುಕ್ಕೆ ಇಟ್ಟರೆ ಒಂದೂವರೆ ಪಟ್ಟು. ತೀವ್ರ ಮಧ್ಯಮ ಫಿಸ್, ಕೋಮಲ ನಿಷಾದ ಬೆಸ್. ಇದೆಂಥ ಹೆಸರು ಅನ್ನಬೇಡಿ, ಡಚ್ಚರ ಹೆಸರು. 1996ರಲ್ಲಿ ಇದನ್ನು ಶುರು ಮಾಡಿದ ಹಾನ್-ವೆನ್ ನೀನ್‌ಹ್ಯೂಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಇಬ್ಬರೂ ನೆದರ್ಲೆಂಡ್ಸಿನವರು. ಇಂಗ್ಲಿಷ್ ಹೆಸರೇ ಬೇಕೆಂದರೆ ಮೇಲೊಂದು ಸಾಲು ಸೇರಿಸಿದರಾಯಿತು. ನನಗೆ ಬೆಸ್, ಫಿಸ್ ಬಾಯಿಪಾಠವಾಗಿ ಹೋಗಿದೆ, ಬಿಡಲು ಮನಸ್ಸಿಲ್ಲ.

ಮೊದಲ ಪೆಟ್ಟು ಸಾ–ಪ ಜಿಗಿತದಲ್ಲಿ ಬಿತ್ತು. ರಿಲೇಟಿವ್ ಅನ್ನುವ ಪದ್ಧತಿಯಲ್ಲಿ ಬರೆದರೆ ಪ್ರತಿ ಸ್ವರವೂ ಹಿಂದಿನದಕ್ಕೆ ಯಾವುದು ಹತ್ತಿರವೋ ಅಲ್ಲಿ ಕೂರುತ್ತದೆ. ಸಾ ಇಂದ ಮೇಲಿನ ಮ ಹತ್ತಿರ, ಸರಿ. ಆದರೆ ಮೇಲಿನ ಪ ಐದನೇ ಮೆಟ್ಟಿಲು, ಕೆಳಗಿನ ಮಂದ್ರದ ಪ ನಾಲ್ಕನೆಯದು. ಅದು ಕೆಳಗಿನದ್ದನ್ನೇ ಆರಿಸುತ್ತದೆ. ಮೇಲಿನದು ಬೇಕಾದರೆ ಅಕ್ಷರದ ಪಕ್ಕ ಒಂದು ಅಪಾಸ್ಟ್ರಫಿ ಹಾಕಬೇಕು. ನಾನು ಹಾಕಿರಲಿಲ್ಲ. ಅಲ್ಲಿಂದ ಮುಂದಿನ ಹಾಡೆಲ್ಲ ಒಂದು ಸಪ್ತಕ ಕೆಳಗೆ ಕುಸಿದಿತ್ತು. ಮಿಡಿ ಹಾಕಿ ಕೇಳಿಸಿದರೆ ದೊಡ್ಡಾಯಿ, "ಇದ್ಯಾರದು, ಗಂಟ್ಲು ಕಟ್ಟಿದ್ದ?" ಅಂದಳು.

ಸಾಹಿತ್ಯ ಹಾಕುವಾಗ ಎರಡನೆಯ ಪೆಟ್ಟು. ಆಫೀಸಿನ ರೂಢಿಯಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿಟ್ಟದ್ದನ್ನು ಹಾಗೇ ತಂದು ಅಂಟಿಸಿದೆ. ಸ್ವರದ ಕೆಳಗೆ ಕನ್ನಡದ ಬದಲು ಕಾಗೆ ಕಾಲು ಗುಬ್ಬಿ ಕಾಲು. ಯೂನಿಕೋಡಿನಲ್ಲಿ ಪೂರಾ ಮತ್ತೆ ಟೈಪಿಸಿ, ನೊಟೊ ಸಾನ್ಸ್ ಕನ್ನಡ ಫಾಂಟ್ ಹೆಸರಿಸಿದ ಮೇಲೆ ಅಕ್ಷರ ಮುದ್ದಾಗಿ ಬಂದವು. ಆಮೇಲೆ ಬಿಡಿಸುವ ಪ್ರಶ್ನೆ. ಒಂದೊಂದು ಸ್ವರಕ್ಕೆ ಒಂದೊಂದು ತುಂಡು, ನಡುವೆ ಎರಡು ಅಡ್ಡಗೆರೆ. "ಆರತಿ" ತಕರಾರಿಲ್ಲ, ಆ, ರ, ತಿ. "ಲಕ್ಷ್ಮಿ" ಬಂದಾಗ ಸಿಕ್ಕಿಬಿದ್ದೆ. ಬಾಯಲ್ಲಿ ಕೇಳುವುದು ಲಕ್–ಷ್ಮಿ. ಹಾಗೆ ಬಿಡಿಸಿದರೆ ಕಾಗದದಲ್ಲಿ ಅರ್ಧ ಕ ಒಂದು ಕಡೆ ಬಾಲ ಎತ್ತಿಕೊಂಡು ನಿಲ್ಲುತ್ತದೆ, ನೋಡಲಾಗುವುದಿಲ್ಲ. ಲ–ಕ್ಷ್ಮಿ ಎಂದೇ ಬಿಡಿಸಿದೆ. ನಮ್ಮ ಒತ್ತಕ್ಷರಕ್ಕೆ ಅದೇ ಸರಿ. ಹಾಡುವವರು ಹೇಗೂ ಬಾಯಿಗೆ ಬಂದ ಹಾಗೆ ಹಾಡುತ್ತಾರೆ.

ನಿಜವಾದ ಜಗಳ ತಾಳದ್ದು. ಹಾಡು ಆರು ಮಾತ್ರೆಯ ನಡೆ, ಆರು ಬೈ ಎಂಟು ಅಂತ ಬರೆದೆ, ಅಂದರೆ ಎಂಟರ ಅಂಕಿಯ ಒಂದು ಸ್ವರಕ್ಕೆ ಒಂದು ಮಾತ್ರೆ. ಪ್ರತಿ ಆವರ್ತ ಮುಗಿದಲ್ಲಿ ಒಂದು ಉದ್ದಗೆರೆ ಹಾಕುವುದು ನನ್ನ ಪದ್ಧತಿ. ಅದು ಬಾರ್‌ಚೆಕ್. ಲೆಕ್ಕ ತಪ್ಪಿದ್ದರೆ ಯಾವ ಸಾಲಿನಲ್ಲಿ ಎಷ್ಟು ತಪ್ಪಿದೆ ಅಂತ ಯಂತ್ರ ಹೇಳುತ್ತದೆ. ರೋಜು ಕೀರ್ದಿ ತಾಳೆ ನೋಡುವವನಿಗೆ ಇದು ಮನೆ ಮಾತು. ಎರಡನೆಯ ಸಾಲಿನ ಕೊನೆಗೆ ಬಂದಾಗ ಎಚ್ಚರಿಕೆ: ಬಾರ್‌ಚೆಕ್ ವಿಫಲ, 3/16. ಅಂದರೆ ಒಂದೂವರೆ ಮಾತ್ರೆ ಹೆಚ್ಚು. ಮೊದಲು ನನ್ನ ಟೈಪಿಂಗ್ ಹುಡುಕಿದೆ. ಲಿಲಿಪಾಂಡಿನಲ್ಲಿ ಅಂಕಿ ಬರೆಯದೆ ಬಿಟ್ಟರೆ ಹಿಂದಿನ ಅಂಕಿಯೇ ಮುಂದುವರಿಯುತ್ತದೆ. ಎಲ್ಲೋ ಹದಿನಾರು ಬರೆದು ಎಂಟಕ್ಕೆ ತಿರುಗಿಸದೆ ಬಿಟ್ಟು ಹಿಂದೊಮ್ಮೆ ಅರ್ಧ ಹಾಡನ್ನು ಓಡಿಸಿದ್ದೆ. ಈ ಸಲ ಅದಲ್ಲ. ಮೊಬೈಲಿನ ರೆಕಾರ್ಡಿಂಗ್ ಹಚ್ಚಿ ಮಣೆಯ ಮೇಲೆ ಬೆರಳು ತಟ್ಟುತ್ತ ಕೂತೆ. ಒಂದೂವರೆ ಹೆಚ್ಚು ಹೌದು.

ದೊಡ್ಡಾಯಿ ತಾಳ ತಪ್ಪಿದ್ದಾಳೆಂದು ತೀರ್ಮಾನಿಸಿ ಕತ್ತರಿಸಿಬಿಟ್ಟೆ. ಪುಟ ಚೊಕ್ಕ, ಎಚ್ಚರಿಕೆ ಇಲ್ಲ. ಮಿಡಿ ಕೇಳಿಸಿದೆ. ಅವಳು ಅಡಿಕೆ ಸುಲಿಯುತ್ತಿದ್ದವಳು ಮೆಟ್ಟುಗತ್ತಿಯಿಂದ ಕೈ ತೆಗೆದು, "ಆನು ಹಂಗೆ ಹಾಡಿದ್ನಿಲ್ಲೆ. ಅಲ್ಲಿ ಉಸಿರು ತಗಳವು" ಅಂದಳು. ಬೇರೆ ಬೇರೆ ದಿನ ಹಾಡಿದ ಮೂರು ರೆಕಾರ್ಡಿಂಗ್ ನನ್ನ ಹತ್ತಿರ ಇದ್ದವು. ಮೂರರಲ್ಲೂ, ಪ್ರತಿ ನುಡಿಯಲ್ಲೂ, ಅದೇ ಜಾಗದಲ್ಲಿ ಅಷ್ಟೇ ಉಸಿರು. ತಪ್ಪಾದರೆ ಇಷ್ಟು ನಿಯತ್ತಾಗಿ ಯಾರು ತಪ್ಪುತ್ತಾರೆ?

ಆ ಒಂದು ಆವರ್ತವನ್ನು ಹದಿನೈದು ಬೈ ಹದಿನಾರು ಮಾಡಿ, ಉಸಿರಿನ ಗುರುತಿಗೆ ಬ್ರೀದ್ ಅನ್ನುವ ಆಜ್ಞೆ ಹಾಕಿದೆ. ಸ್ವರದ ಮೇಲುಗಡೆ ಅಲ್ಪವಿರಾಮದಂಥ ಚಿಹ್ನೆ ಬಿತ್ತು. ಪಿಡಿಎಫ್ ಕಳಿಸಿದ ಹತ್ತು ನಿಮಿಷಕ್ಕೆ ಸೊಸೆಯ ಫೋನು: "ಮಾವಾ, ಎಂತದಿದು ಫಿಫ್ಟೀನ್ ಬೈ ಸಿಕ್ಸ್‌ಟೀನು?" ಅವಳ ಟೀಚರೂ ಹೌಹಾರಿರಬೇಕು. ಒಮಿಟ್ ಎಂಬ ಆಜ್ಞೆಯಿಂದ ಅಂಕಿಗಳನ್ನಷ್ಟೇ ಅಡಗಿಸಿದೆ. ಲೆಕ್ಕ ಹಾಗೇ ಉಳಿಯಿತು.

ಶ್ರುತಿ ಬದಲಿಸುವುದು ಮಾತ್ರ ಒಂದೇ ಸಾಲಿನ ಕೆಲಸ. ದೊಡ್ಡಾಯಿ ಹಾಡುವುದು ಕಪ್ಪು ಐದರಲ್ಲಿ (ಹಾರ್ಮೋನಿಯಮ್ಮಿನ ಐದನೆಯ ಕಪ್ಪು ಮನೆ), ಸೊಸೆಗೆ ಬಿಳಿ ಒಂದು ಬೇಕು. ಫೈಲು ಸಿ ಷಡ್ಜದಲ್ಲೇ ಇದೆ, ಹಾರ್ಮೋನಿಯಮ್ಮಿಗೆ ಬೇಕಾದಾಗ ಟ್ರಾನ್ಸ್‌ಪೋಸ್ ಹಾಕಿಕೊಳ್ಳುತ್ತೇನೆ. ಒಂದು ಎಚ್ಚರ: ಕಪ್ಪು ಐದು ಎಂದರೆ ಎ ಶಾರ್ಪ್ ಅಲ್ಲವೇ ಅಂತ ಹಾಗೇ ಬರೆದೆ, ಪುಟದ ತುಂಬ ಶಾರ್ಪು, ಅದರ ಮೇಲೆ ಡಬಲ್ ಶಾರ್ಪು. ಅದೇ ಮನೆಯನ್ನು ಬಿ ಫ್ಲಾಟ್ ಎಂದು ಕರೆದರೆ ಎರಡೇ ಫ್ಲಾಟಿನಲ್ಲಿ ಮುಗಿಯಿತು.

ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಮಾತ್ರ ಪೂರ್ತಿ ಸಿಕ್ಕಿಲ್ಲ. ಗ್ಲಿಸಾಂಡೊ ಅಂತ ಬರೆದರೆ ಎರಡು ಸ್ವರದ ನಡುವೆ ಗೆರೆ ಎಳೆಯುತ್ತದೆ, ಆದರೆ ಮಿಡಿಯಲ್ಲಿ ಅದು ನುಡಿಯುವುದಿಲ್ಲ. ಅಂಥ ಕಡೆ ಶೇಕಡಾ ಚಿಹ್ನೆ ಹಾಕಿ ಪಕ್ಕದಲ್ಲಿ ಟಿಪ್ಪಣಿ ಬರೆದಿಡುತ್ತೇನೆ, ಅದು ಅಚ್ಚಿಗೆ ಬರುವುದಿಲ್ಲ. ಹಾಡಿದ ದಿನ, ಯಾವ ನುಡಿ ಮರೆತಿದ್ದಳು, ಎಲ್ಲಿ ಎಳೆದಳು, ಎಲ್ಲವೂ ಅದೇ ಫೈಲಿನಲ್ಲಿ. ಇಷ್ಟಾದರೂ ಒಂದು ಹಾಡು ಮೂರು ಕೆಬಿ ದಾಟುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕಣ್ಣುಮುಚ್ಚಾಲೆ ಆಡುವ ನಮ್ಮ ಕಡೆ, ಮರದ ಸಂದಿನಿಂದ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಸಾಕು, ಹಾಡು ಬೆಂಗಳೂರು ಮುಟ್ಟಿರುತ್ತದೆ.

ಕಳೆದ ವಾರ ಸೊಸೆ ನುಡಿಸಿ ಕಳಿಸಿದಳು. ಫೋನನ್ನು ದೊಡ್ಡಾಯಿಯ ಕಿವಿಯ ಹತ್ತಿರ ಹಿಡಿದೆ. ಎರಡನೆಯ ಸಾಲು ಮುಗಿಯುವವರೆಗೆ ಸುಮ್ಮನಿದ್ದಳು. ಆಮೇಲೆ, "ಕೂಸು ಉಸಿರು ತಗಂಡ್ಚು, ಕೇಳ್ದ್ಯ?" ಅಂದಳು.