ಮೊದಲ ಮ್ಯಾಚಿನಲ್ಲಿ ಹೊಡೆದ ಗೋಲು ಕಳೆದುಹೋಗದಂತೆ ಬರೆದಿಡುವುದು ಹೇಗೆ

ಕಾರವಾರದಲ್ಲಿ ಫುಟ್‌ಬಾಲ್ ಹುಚ್ಚಿರುವವರ ಹತ್ತಿರ ಹಳೆ ಆಟಗಾರರ ಸುದ್ದಿ ತೆಗೆದು ನೋಡಿ. ಮೊದಲ ಮ್ಯಾಚಿನಲ್ಲೇ ಐದು ಹೊಡೆದಿದ್ದ ಅಂತ ಒಬ್ಬರು ಹೇಳುತ್ತಾರೆ, ಪಕ್ಕದವರು ಇಲ್ಲ ಮಾರಾಯ ಏಳು ಅನ್ನುತ್ತಾರೆ, ಯಾವ ವರ್ಷ ಅಂತ ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ. ಯಾರೂ ಬರೆದಿಟ್ಟಿಲ್ಲ, ಅಷ್ಟೇ.

ಸ್ಕಾಟ್ಲೆಂಡಿನಲ್ಲಿ ಬರೆದಿಟ್ಟಿದ್ದರು. 1930ರ ಜನವರಿ 2ರಂದು ಎರಡನೇ ಡಿವಿಜನ್ ಲೀಗ್‌ನಲ್ಲಿ ಸ್ಟರ್ಲಿಂಗ್ ಊರಿನ ಕಿಂಗ್ಸ್ ಪಾರ್ಕ್ ಟೀಮು ಫೋರ್ಫಾರ್ ಅಥ್ಲೆಟಿಕ್ ಮೇಲೆ 12-2ರಿಂದ ಗೆದ್ದಿತು. ಜಿಮ್ ಡೈಯೆಟ್ ಎಂಬ ಆಟಗಾರನಿಗೆ ಅದು ಮೊದಲ ಲೀಗ್ ಮ್ಯಾಚ್. ಹನ್ನೆರಡರಲ್ಲಿ ಎಂಟು ಗೋಲು ಅವನವೇ! ಆ ಕ್ಲಬ್ ಈಗ ಇಲ್ಲ. 1940ರಲ್ಲಿ ಅದರ ಮೈದಾನದ ಮೇಲೆ ಜರ್ಮನ್ ಬಾಂಬ್ ಬಿತ್ತು, ಯುದ್ಧ ಮುಗಿದಾಗ ಅದೇ ಊರಿನಲ್ಲಿ ಸ್ಟರ್ಲಿಂಗ್ ಆಲ್ಬಿಯನ್ ಅಂತ ಬೇರೆಯೇ ಕ್ಲಬ್ ಹುಟ್ಟಿತು. ಟೀಮು ಹೋಯಿತು, ಗ್ರೌಂಡೂ ಹೋಯಿತು, ಆದರೆ ಆ ಎಂಟು ಗೋಲನ್ನು ಇವತ್ತಿಗೂ ಯಾರೂ ಏಳು ಅನ್ನುವುದಿಲ್ಲ.

ನಿಮ್ಮ ಟೀಮಿಗೂ ಇದನ್ನು ಮಾಡಬಹುದು. ಒಂದು ಉದ್ದ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪೆನ್ಸಿಲ್ ಯಾಕೆ ಅಂದ್ರೆ, ಮಾಲಾದೇವಿ ಮೈದಾನದಲ್ಲಿ ನಿಂತಿರುವಾಗ ಒಂದು ಮಳೆ ಹೊಡೆದರೆ ಜೆಲ್ ಪೆನ್ನಿನ ಶಾಯಿ ಎಲ್ಲ ಹರಡಿಹೋಗುತ್ತದೆ.

ಆಟ ಶುರುವಾಗುವ ಮೊದಲೇ ತಾರೀಕು, ಮೈದಾನ, ಎರಡೂ ಟೀಮು, ಟೂರ್ನಮೆಂಟಿನ ಹೆಸರು ಬರೆಯಿರಿ. ತಾರೀಕಿನ ಜೊತೆ ವರ್ಷ ಇರಲೇಬೇಕು, ಎಲ್ಲರೂ ಬಿಡುವುದು ಅದನ್ನೇ. ಒಂದು ಹಾಫ್ ಎಷ್ಟು ನಿಮಿಷ, ಒಂದು ಕಡೆ ಎಷ್ಟು ಜನ ಅಂತಲೂ ಹಾಕಿ. ಬೀಚ್ ಮೇಲೆ ಏಳೇಳು ಜನ ಆಡಿದ ಆಟದಲ್ಲಿ ಬಂದ ಎಂಟು ಗೋಲನ್ನೂ ದೊಡ್ಡ ಮೈದಾನದಲ್ಲಿ ಹನ್ನೊಂದು ಜನರ ಎದುರು ಬಂದ ಎಂಟು ಗೋಲನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಎರಡಕ್ಕೂ ಅನ್ಯಾಯ.

ಹೆಸರು ಪೂರ್ತಿ ಬರೆಯಿರಿ. ನಮ್ಮ ಕಡೆ ಒಂದೇ ಟೀಮಿನಲ್ಲಿ ಮೂವರು ನಾಯ್ಕ, ಇಬ್ಬರು ತಾಂಡೇಲ ಇರುವುದು ಮಾಮೂಲು. ‘ನಾಯ್ಕ 3’ ಅಂತ ಬರೆದಿಟ್ಟರೆ ಹತ್ತು ವರ್ಷ ಬಿಟ್ಟು ಮೂರೂ ಮನೆಯವರು ಆ ಗೋಲು ನಮ್ಮದು ಅಂತಾರೆ! ಹೆಸರು, ಅಪ್ಪನ ಹೆಸರಿನ ಮೊದಲ ಅಕ್ಷರ, ಜರ್ಸಿ ನಂಬರ್, ಮೂರೂ ಇರಲಿ.

ಗೋಲು ಬಿದ್ದ ಕೂಡಲೇ ನಿಮಿಷ, ಹೊಡೆದವನ ಹೆಸರು, ಆಗಿನ ಸ್ಕೋರು. ಆಮೇಲೆ ಬರೆಯೋಣ ಅಂತ ಬಿಟ್ಟರೆ, 12-2ರಂಥ ಮ್ಯಾಚಿನಲ್ಲಿ ಆರನೆಯದು ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಜಗಳ ಬರುವುದು ಡಿಫೆಂಡರ್ ಕಾಲಿಗೆ ತಾಗಿ ಒಳಗೆ ಹೋದ ಚೆಂಡಿನ ವಿಷಯದಲ್ಲಿ. ಸಾಮಾನ್ಯವಾಗಿ ನೋಡುವುದು ಇಷ್ಟು: ಹೊಡೆದ ಚೆಂಡು ಗೋಲಿನ ಕಡೆಗೇ ಹೋಗುತ್ತಿತ್ತಾ, ಹಾಗಾದರೆ ಗೋಲು ಹೊಡೆದವನದ್ದು. ಹೊರಗೆ ಹೋಗುತ್ತಿದ್ದ ಚೆಂಡನ್ನು ಡಿಫೆಂಡರೇ ಒಳಗೆ ತಿರುಗಿಸಿದನಾ, ಆಗ ಅದು ಸೆಲ್ಫ್ ಗೋಲು. ಮ್ಯಾಚಿನಲ್ಲಿ ಸಿಕ್ಕ ಪೆನಾಲ್ಟಿ ಲೆಕ್ಕಕ್ಕಿದೆ, ಟೈ ಆದ ಮೇಲಿನ ಶೂಟೌಟ್ ಗೋಲು ಆಟಗಾರನ ಲೆಕ್ಕಕ್ಕಿಲ್ಲ.

ಮಳೆಗೆ ನಿಂತ ಮ್ಯಾಚಿನ ಹಾಳೆ ಮಾತ್ರ ಹರಿಯಬೇಡಿ. 1961ರಲ್ಲಿ ಇಂಗ್ಲೆಂಡಿನ ಟೂರ್ನಮೆಂಟ್ ಆದ ಎಫ್‌ಎ ಕಪ್‌ನಲ್ಲಿ ಸ್ಕಾಟ್ಲೆಂಡಿನವನೇ ಆದ ಡೆನಿಸ್ ಲಾ, ಮ್ಯಾಂಚೆಸ್ಟರ್ ಸಿಟಿಗೆ ಆಡುತ್ತಾ ಲೂಟನ್ ವಿರುದ್ಧ ಆರು ಗೋಲು ಹೊಡೆದಿದ್ದ, 6-2 ಆಗಿತ್ತು, ಅಷ್ಟರಲ್ಲಿ ಮೈದಾನದಲ್ಲಿ ನೀರು ನಿಂತು ಆಟ ರದ್ದಾಯಿತು. ಆರೂ ಗೋಲು ಲೆಕ್ಕದಿಂದ ಹೋದವು. ಮತ್ತೆ ಆಡಿಸಿದಾಗ ಅವನು ಒಂದು ಹೊಡೆದ, ಸಿಟಿ 3-1ರಿಂದ ಸೋತಿತು! ಲೆಕ್ಕಕ್ಕೆ ಬಾರದಿದ್ದರೂ ಬರೆದಿದ್ದರಿಂದಲೇ ಅಲ್ವಾ ಇದು ನಮಗೆ ಗೊತ್ತಾಗಿದ್ದು? ಹಾಳೆಯ ಮೇಲೆ ‘ಅರ್ಧಕ್ಕೆ ನಿಂತಿತು’ ಅಂತ ಬರೆದು ಇಟ್ಟುಕೊಳ್ಳಿ.

ಇನ್ನು ‘ಮೊದಲ ಮ್ಯಾಚ್’ ಅಂದರೆ ಎಂಥದ್ದರ ಮೊದಲನೆಯದು ಅಂತ ಬರೆಯಬೇಕು: ಕ್ಲಬ್ಬಿಗೆ, ಲೀಗಿಗೆ, ಸೀನಿಯರ್ ಟೀಮಿಗೆ. 1885ರಲ್ಲಿ ಆರ್ಬ್ರೋತ್ ಟೀಮಿನ ಜಾನ್ ಪೆಟ್ರಿ 36-0 ಮ್ಯಾಚಿನಲ್ಲಿ 13 ಗೋಲು ಹೊಡೆದಿದ್ದ, ಆದರೆ ಅದು ಸ್ಕಾಟಿಷ್ ಕಪ್, ಲೀಗ್ ಅಲ್ಲ. 1928ರಲ್ಲಿ ಸೆಲ್ಟಿಕ್‌ನ ಜಿಮ್ಮಿ ಮೆಕ್‌ಗ್ರೋರಿ ಡನ್‌ಫರ್ಮ್‌ಲೈನ್ ಮೇಲೆ ಎಂಟು ಹೊಡೆದ, ಅದು ಮೇಲಿನ ಡಿವಿಜನ್, ಅವನು ಹೊಸಬನೂ ಅಲ್ಲ. ಹಾಗಾಗಿ ಇವರಿಬ್ಬರ ಪಕ್ಕದಲ್ಲೂ ಡೈಯೆಟ್‌ಗೆ ತನ್ನದೇ ಜಾಗ ಇದೆ.

ಆಟ ಮುಗಿದ ಕೂಡಲೇ, ಅಂದರೆ ಹುಡುಗರು ಬೈಕ್ ಹತ್ತುವ ಮೊದಲೇ, ಇಬ್ಬರು ಕ್ಯಾಪ್ಟನ್ ಮತ್ತು ರೆಫ್ರಿ ಹತ್ತಿರ ಸಹಿ ಹಾಕಿಸಿ. ಸೋತವರ ಸಹಿಗೆ ಬೆಲೆ ಜಾಸ್ತಿ. ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ, ಫೋನ್ ಬದಲಾದರೆ ಫೋಟೋ ಹೋಯಿತು. ಒಂದು ಕಾಪಿ ಗೂಗಲ್ ಡ್ರೈವ್‌ನಲ್ಲಿರಲಿ. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರ್ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಿ. ಮರದ ಕಪಾಟು ಬೇಡ, ಗೆದ್ದಲು ಇದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಬಿಸಿಲಿಗೆ ಹಿಡಿಯಿರಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಹಳೆಯ ಮ್ಯಾಚುಗಳಿಗೆ ಬೇರೆ ನೋಟ್‌ಬುಕ್ ಮಾಡಿ. ಹಿರಿಯರು ಹೇಳಿದ್ದನ್ನು ಬರೆದು, ಹೇಳಿದವರು ಯಾರು, ಯಾವಾಗ ಹೇಳಿದ್ದು ಅಂತ ಪಕ್ಕದಲ್ಲಿ ಹಾಕಿ. ಒಬ್ಬರು ಐದು, ಇನ್ನೊಬ್ಬರು ಏಳು ಅಂದರೆ ಎರಡನ್ನೂ ಬರೆಯಿರಿ. ಸುಮ್ನೆ ಆರು ಅಂತ ಮಾತ್ರ ಹಾಕಬೇಡಿ.